ಸರೌಂಡ್ ಸ್ಪೀಕರ್: ಯಾವುದು, ಎಲ್ಲಿ, ಏಕೆ?



ಒಂದು ನಿಮಿಷ ಕಣ್ಣು ಮುಚ್ಚಿ ಕುಳಿತುಕೊಳ್ಳಿ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದರೆ ಅದು ನಿಮ್ಮ ಎಡಕ್ಕೋ ಬಲಕ್ಕೋ ಎಂದು ತಟ್ಟನೆ ಹೇಳಬಲ್ಲಿರಿ. ಬೀದಿಯಲ್ಲಿ ಆಟೊ ಹೋದರೆ ಅದು ಯಾವ ಕಡೆಯಿಂದ ಬಂದು ಯಾವ ಕಡೆಗೆ ಹೋಯಿತು ಎಂಬುದೂ ತಿಳಿಯುತ್ತದೆ. ಕಣ್ಣಿಗೆ ಕಾಣುವುದು ಎದುರಿನ ಅರ್ಧ ಜಗತ್ತು ಮಾತ್ರ. ಕಿವಿಗಾದರೋ ಹಿಂದು, ಮುಂದು, ಮೇಲು, ಕೆಳಗು ಎಲ್ಲವೂ ಒಂದೇ. ಚಲನಚಿತ್ರ ಮಂದಿರದಲ್ಲಿ ಮಳೆ ಬಂದಾಗ ಬೆನ್ನ ಹಿಂದೆಯೂ ಹನಿ ಬಿದ್ದಂತೆ ಅನ್ನಿಸುವುದು ಕಿವಿಯ ಈ ಶಕ್ತಿಯನ್ನು ಬಳಸಿಕೊಂಡದ್ದರಿಂದಲೇ. ಅದೇ ಅನುಭವವನ್ನು ಮನೆಗೆ ತರುವ ಪ್ರಯತ್ನಕ್ಕೆ ಹೋಮ್ ಥಿಯೇಟರ್ ಎಂದು ಹೆಸರು.

ಆದರೆ ಅನೇಕ ಮನೆಗಳಲ್ಲಿ ಆಗುವುದೇನು? ಹಬ್ಬದ ರಿಯಾಯಿತಿಯಲ್ಲಿ ದೊಡ್ಡ ಪೆಟ್ಟಿಗೆ ಮನೆಗೆ ಬರುತ್ತದೆ. ಐದು ಸ್ಪೀಕರುಗಳನ್ನೂ ದಸರೆಯ ಗೊಂಬೆ ಕೂರಿಸಿದ ಹಾಗೆ ಟೀವಿಯ ಆಚೀಚೆ ಷೋಕೇಸಿನಲ್ಲಿ ಸಾಲಾಗಿ ಇಡುತ್ತಾರೆ. ಕಾರು ಸ್ಫೋಟವಾದಾಗ ಕಿಟಕಿ ಅದುರುತ್ತದೆ. ನಾಯಕಿ ಮಾತಾಡುವಾಗ ಮಾತ್ರ ಅಜ್ಜಿ "ಏನಂದಳು ಅವಳು?" ಎಂದು ಕೇಳುತ್ತಾರೆ. ಅಪ್ಪ ರಿಮೋಟನ್ನು ಕೈಯಿಂದ ಇಳಿಸುವಂತಿಲ್ಲ. ಮಾತಿಗೆ ಏರಿಸಬೇಕು, ಹೊಡೆದಾಟಕ್ಕೆ ಇಳಿಸಬೇಕು. ಎರಡು ತಿಂಗಳಲ್ಲಿ ಪೆಟ್ಟಿಗೆ ಮೂಲೆ ಸೇರುತ್ತದೆ. ದುಡ್ಡು ಹೋಯಿತು, ಅಜ್ಜಿಗೆ ಮಾತೂ ಕೇಳಿಸಲಿಲ್ಲ.

ಇದು ಬಹುಮಟ್ಟಿಗೆ ಸ್ಪೀಕರಿನ ದೋಷವಲ್ಲ, ಇಟ್ಟ ಜಾಗದ ದೋಷ. ಇದನ್ನು ಸರಿಪಡಿಸಲು ಬೇಕಾದ ಭೌತಶಾಸ್ತ್ರವೆಲ್ಲ ನಿಮ್ಮ ಪಠ್ಯಪುಸ್ತಕದಲ್ಲಿಯೇ ಇದೆ. ಬೇಕಾದ ಉಪಕರಣಗಳು ಒಂದು ಅಳತೆ ಟೇಪು, ಒಂದು ಹಗ್ಗ, ಒಂದು ಕೋನಮಾಪಕ, ಒಂದು ಕನ್ನಡಿ. ಪರದೆಯ ಮೇಲೆ ತೋರಿಸಿದ ನಕ್ಷೆ ಕ್ಷಣದಲ್ಲಿ ಮರೆಯಾಗುತ್ತದೆ. ಆದ್ದರಿಂದ ಲೆಕ್ಕಗಳನ್ನು ಇಲ್ಲಿ ನಿಧಾನವಾಗಿ ಮಾಡೋಣ. ಪಕ್ಕದಲ್ಲಿ ಒಂದು ಹಾಳೆ, ಪೆನ್ಸಿಲ್ ಇರಲಿ.

ಎರಡು ಕಿವಿ, ಒಂದು ತಲೆ

ಸಾಮಾನ್ಯ ಉಷ್ಣತೆಯಲ್ಲಿ ಗಾಳಿಯೊಳಗೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅಂದರೆ ಒಂದು ಮಿಲಿಸೆಕೆಂಡಿನಲ್ಲಿ, ಎಂದರೆ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ, ಶಬ್ದ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಒಂದು ಅಡಿಗಿಂತ ತುಸು ಹೆಚ್ಚು. ಈ ಸಂಖ್ಯೆಯನ್ನು ನೆನಪಿಡಿ; ಮುಂದೆ ಮತ್ತೆ ಮತ್ತೆ ಬೇಕಾಗುತ್ತದೆ.

ಬಲಗಡೆಯಿಂದ ಬಂದ ಸದ್ದು ಮೊದಲು ಬಲಗಿವಿಯನ್ನು ಮುಟ್ಟಿ, ಆಮೇಲೆ ತಲೆಯನ್ನು ಬಳಸಿಕೊಂಡು ಎಡಗಿವಿಗೆ ಹೋಗಬೇಕು. ಈ ಎರಡರ ನಡುವಿನ ಅಂತರ ಅತಿ ಹೆಚ್ಚೆಂದರೆ ಒಂದು ಮಿಲಿಸೆಕೆಂಡಿನ ಮೂರನೆಯ ಎರಡು ಭಾಗದಷ್ಟು. ಇಷ್ಟು ಸಣ್ಣ ಅವಧಿಯನ್ನೂ ನಮ್ಮ ಮಿದುಳು ಅಳೆಯುತ್ತದೆ. ಜೊತೆಗೆ, ತಲೆಯ ನೆರಳು ಬೀಳುವುದರಿಂದ ದೂರದ ಕಿವಿಗೆ ತಾರಸ್ಥಾಯಿಯ ಸದ್ದು ಕ್ಷೀಣವಾಗಿ ಕೇಳುತ್ತದೆ. ಕಡಿಮೆ ಆವೃತ್ತಿಯಲ್ಲಿ ಕಾಲದ ಅಂತರ, ಹೆಚ್ಚಿನ ಆವೃತ್ತಿಯಲ್ಲಿ ಜೋರಿನ ಅಂತರ ದಿಕ್ಕನ್ನು ತಿಳಿಸುತ್ತದೆಂದು ಬ್ರಿಟಿಷ್ ವಿಜ್ಞಾನಿ ಲಾರ್ಡ್ ರ‍್ಯಾಲೆ 1907ರಲ್ಲಿ ವಿವರಿಸಿದರು.

ಇದರಲ್ಲೊಂದು ತೊಡಕಿದೆ. ನೇರ ಎದುರಿನ ಸದ್ದೂ ನೇರ ಹಿಂದಿನ ಸದ್ದೂ ಎರಡು ಕಿವಿಗಳನ್ನು ಏಕಕಾಲಕ್ಕೆ, ಸಮಾನ ಜೋರಿನಲ್ಲಿ ತಲುಪುತ್ತವೆ. ಆಗ ಹಿಂದೋ ಮುಂದೋ ಎಂದು ಗುರುತಿಸಲು ನಾವು ಹೊರಗಿವಿಯ ಮಡಿಕೆಗಳು ಸದ್ದಿನಲ್ಲಿ ಮಾಡುವ ಸೂಕ್ಷ್ಮ ಬದಲಾವಣೆಯನ್ನೂ ತಲೆಯನ್ನು ತುಸು ತಿರುಗಿಸುವ ಅಭ್ಯಾಸವನ್ನೂ ನಂಬಬೇಕಾಗುತ್ತದೆ. ಅದಕ್ಕೇ ಹಿಂದಿನ ಸದ್ದಿನ ವಿಷಯದಲ್ಲಿ ಕಿವಿ ಸುಲಭವಾಗಿ ಮೋಸಹೋಗುತ್ತದೆ. ಬದಿಗಳಿಂದ ಬರುವ ಸದ್ದು ಮಾತ್ರ ಎರಡು ಕಿವಿಗಳಿಗೂ ಬೇರೆ ಬೇರೆಯಾಗಿ ಕೇಳಿ, "ನಾನು ಇದರ ನಡುವೆ ಇದ್ದೇನೆ" ಎಂಬ ಭಾವನೆ ಕೊಡುತ್ತದೆ. ಸರೌಂಡ್ ಸ್ಪೀಕರುಗಳನ್ನು ಬೆನ್ನ ಹಿಂದಿನ ಗೋಡೆಯಲ್ಲಿ ಇಡದೆ ಬದಿಗೆ, ತುಸು ಹಿಂದಕ್ಕೆ ಇಡುವುದರ ರಹಸ್ಯ ಇಷ್ಟೇ.

ಇನ್ನೊಂದು ಸಂಗತಿ. ಒಂದೇ ಸದ್ದು ಎರಡು ಕಡೆಗಳಿಂದ ಕೆಲವೇ ಮಿಲಿಸೆಕೆಂಡುಗಳ ಅಂತರದಲ್ಲಿ ಬಂದರೆ ನಮಗೆ ಎರಡು ಸದ್ದು ಕೇಳುವುದಿಲ್ಲ. ಮೊದಲು ಬಂದದ್ದರ ದಿಕ್ಕಿನಿಂದಲೇ ಎಲ್ಲವೂ ಬಂದಂತೆ ಕೇಳುತ್ತದೆ. ಎರಡನೆಯದು ಸ್ವಲ್ಪ ಜೋರಾಗಿದ್ದರೂ ಅಷ್ಟೇ. ಹೆಲ್ಮುಟ್ ಹಾಸ್ ಎಂಬ ಜರ್ಮನ್ ಸಂಶೋಧಕರು 1949ರ ತಮ್ಮ ಪ್ರೌಢಪ್ರಬಂಧದಲ್ಲಿ ಇದನ್ನು ಪ್ರಯೋಗಗಳಿಂದ ತೋರಿಸಿದರು. ಮೊದಲು ಬಂದವನಿಗೆ ಮಣೆ ಹಾಕುವ ಕಿವಿಯ ಈ ಗುಣದಿಂದಾಗಿ, ಸರೌಂಡ್ ಸ್ಪೀಕರಿಗೆ ಅಂಟಿಕೊಂಡು ಕುಳಿತವರಿಗೆ ಇಡೀ ಚಿತ್ರ ಒಂದೇ ಬದಿಯಿಂದ ಬಂದಂತೆ ಕೇಳುತ್ತದೆ.

ಐದು ಮತ್ತು ಒಂದು

ಬ್ರಿಟನ್ನಿನ ಎಂಜಿನಿಯರ್ ಅಲನ್ ಬ್ಲೂಮ್‌ಲೀನ್ 1931ರ ಡಿಸೆಂಬರಿನಲ್ಲಿ ಸ್ಟೀರಿಯೊ ಧ್ವನಿಗೆ ಪೇಟೆಂಟ್ ಅರ್ಜಿ ಹಾಕಿದರು. 1940ರಲ್ಲಿ ಡಿಸ್ನಿಯ 'ಫ್ಯಾಂಟೇಸಿಯಾ' ಕೆಲವು ಚಿತ್ರಮಂದಿರಗಳಲ್ಲಿ ಬಹುವಾಹಿನಿ ಧ್ವನಿಯೊಡನೆ ಪ್ರದರ್ಶಿತವಾಯಿತು. 1970ರ ದಶಕದಲ್ಲಿ ಡಾಲ್ಬಿ ಸ್ಟೀರಿಯೊ ಬಂದಿತು. 1992ರಲ್ಲಿ ಡಾಲ್ಬಿ ಡಿಜಿಟಲ್, 1993ರಲ್ಲಿ ಡಿ.ಟಿ.ಎಸ್. ಚಿತ್ರಮಂದಿರಗಳಿಗೆ ಬಂದವು. ಡಿ.ವಿ.ಡಿ. ತಟ್ಟೆಗಳ ಮೂಲಕ ಆರು ವಾಹಿನಿಗಳ ಧ್ವನಿ ಮನೆಗಳಿಗೂ ಇಳಿಯಿತು. 2012ರಲ್ಲಿ ಬಂದ ಡಾಲ್ಬಿ ಅಟ್ಮಾಸ್ ತಲೆಯ ಮೇಲಿನ ಸದ್ದನ್ನೂ ಸೇರಿಸಿತು.

ಮನೆಗೆ ಮೂಲ ವ್ಯವಸ್ಥೆಯೆಂದರೆ 5.1. ಇದನ್ನು "ಐದು ಬಿಂದು ಒಂದು" ಎಂದು ಓದಿ. ಎದುರಿಗೆ ಎಡ, ನಡು, ಬಲ ಎಂದು ಮೂರು, ಬದಿಗಳಲ್ಲಿ ಎಡ ಸರೌಂಡ್, ಬಲ ಸರೌಂಡ್ ಎಂದು ಎರಡು, ಒಟ್ಟು ಐದು. ಗುಡುಗು, ಸ್ಫೋಟಗಳಂಥ ಮಂದ್ರ ಸದ್ದಿಗೆ ಮೀಸಲಾದ ವಾಹಿನಿಯದು 120 ಹರ್ಟ್ಸ್‌ವರೆಗಿನ ಕೆಲಸ ಮಾತ್ರ. ಪೂರ್ಣ ವಾಹಿನಿಯಲ್ಲದ ಕಾರಣ ಅದಕ್ಕೆ "ಬಿಂದು ಒಂದು" ಎಂಬ ಹೆಸರು. ಅದನ್ನು ನುಡಿಸುವುದು ಸಬ್‌ವೂಫರ್.

ಚಲನಚಿತ್ರಗಳಲ್ಲಿ ಸಂಭಾಷಣೆಯ ಬಹುಪಾಲು ನಡುವಿನ ವಾಹಿನಿಯಲ್ಲಿರುತ್ತದೆ. ಸರೌಂಡ್ ವಾಹಿನಿಯಲ್ಲಿ ಇರುವುದು ಮಳೆ, ಗಾಳಿ, ಜನಜಂಗುಳಿ, ಹಾದುಹೋಗುವ ವಿಮಾನ, ಸಂಗೀತದ ಹರಹು. ಅಜ್ಜಿಯ ಸಮಸ್ಯೆಗೆ ಮೂಲ ಇಲ್ಲಿದೆ. ನಡುವಿನ ಸ್ಪೀಕರು ಟೀವಿ ಕಪಾಟಿನ ಒಳಗೆ ಹೂತುಹೋಗಿದ್ದರೆ, ಇಲ್ಲವೇ ಸರೌಂಡ್ ಸ್ಪೀಕರುಗಳು ಟೀವಿಯ ಪಕ್ಕದಲ್ಲೇ ನಿಂತು ಮಳೆ ಸುರಿಸುತ್ತಿದ್ದರೆ, ಮಾತು ಆ ಗದ್ದಲದಲ್ಲಿ ಮುಳುಗುತ್ತದೆ. ಸರೌಂಡ್ ಸ್ಪೀಕರನ್ನು ಅದರ ಜಾಗಕ್ಕೆ ಕಳುಹಿಸಿದರೆ ಎದುರಿನ ಮಾತು ತಾನಾಗಿ ತಿಳಿಯಾಗುತ್ತದೆ.

ಮೊದಲು ಕೋಣೆಯನ್ನು ಅಳೆಯಿರಿ

ಉದಾಹರಣೆಗೆ ನಮ್ಮ ಊರುಗಳಲ್ಲಿ ಸಾಮಾನ್ಯವಾದ 15 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಹಾಲ್ ಒಂದನ್ನು ತೆಗೆದುಕೊಳ್ಳೋಣ. ಮೀಟರಿನಲ್ಲಿ ಸುಮಾರು 4.5, 3.6 ಮತ್ತು 3. ಘನ ಅಳತೆ 48.6 ಘನ ಮೀಟರ್. ಗೋಡೆ, ನೆಲ, ಸೂರು ಎಲ್ಲ ಸೇರಿ ಮೇಲ್ಮೈ 81 ಚದರ ಮೀಟರ್.

ವಿಜಯಪುರದ ಗೋಲಗುಮ್ಮಟದಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ಅದು ಹಲವು ಸಲ ಮರಳಿ ಕೇಳುವುದು ನಿಮಗೆ ಗೊತ್ತು. ಅಲ್ಲಿ ಗೋಡೆಗಳು ದೂರ ಇರುವುದರಿಂದ ಪ್ರತಿಧ್ವನಿಗಳು ಬಿಡಿಬಿಡಿಯಾಗಿ ಕೇಳುತ್ತವೆ. ಸಣ್ಣ ಕೋಣೆಯಲ್ಲಿ ಪ್ರತಿಫಲನಗಳು ಬಲು ಬೇಗ ಮರಳುವುದರಿಂದ ಬೇರೆ ಬೇರೆಯಾಗಿ ಕೇಳದೆ, ಮೂಲ ಸದ್ದಿಗೆ ಬಾಲದಂತೆ ಅಂಟಿಕೊಳ್ಳುತ್ತವೆ. ಈ ಬಾಲಕ್ಕೆ ಅನುರಣನ ಎನ್ನೋಣ. ಸದ್ದು 60 ಡೆಸಿಬೆಲ್ ಕುಗ್ಗಲು ಹಿಡಿಯುವ ಸಮಯವೇ ಅನುರಣನ ಕಾಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ವ್ಯಾಲೇಸ್ ಸ್ಯಾಬೈನ್ ಇದಕ್ಕೆ ಸರಳ ಸೂತ್ರ ಕಂಡುಹಿಡಿದರು: ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಿ. ಹೀರಿಕೆಯೆಂದರೆ ಪ್ರತಿಯೊಂದು ಮೇಲ್ಮೈಯ ವಿಸ್ತೀರ್ಣವನ್ನು ಅದರ ಹೀರಿಕೆಯ ಗುಣಾಂಕದಿಂದ ಗುಣಿಸಿ, ಎಲ್ಲವನ್ನೂ ಕೂಡಿದ್ದು.

ಗಾರೆ ಗೋಡೆಗೂ ಮೊಸಾಯಿಕ್ ನೆಲಕ್ಕೂ ಗುಣಾಂಕ ಸುಮಾರು 0.03. ಬರಿದಾದ ನಮ್ಮ ಕೋಣೆಯ ಹೀರಿಕೆ 81 × 0.03 = 2.43. ಅನುರಣನ ಕಾಲ 0.161 × 48.6 ÷ 2.43, ಅಂದರೆ 3 ಸೆಕೆಂಡಿಗೂ ಮಿಕ್ಕಿ! ಒಬ್ಬ ಪಾತ್ರಧಾರಿ ಮೂರು ಸೆಕೆಂಡಿನಲ್ಲಿ ಏಳೆಂಟು ಪದ ಆಡಿಬಿಡುತ್ತಾನೆ. ಮೊದಲ ಪದದ ಬಾಲ ಎಂಟನೆಯ ಪದದವರೆಗೂ ಚಾಚಿದರೆ ಯಾವ ಸ್ಪೀಕರು ತಾನೇ ಏನು ಮಾಡೀತು?

ಈಗ ಜಮಖಾನೆ ಹಾಸಿ, ದಪ್ಪನೆಯ ಪರದೆಯನ್ನು ನೆರಿಗೆ ಬರುವಂತೆ ಇಳಿಬಿಡಿ, ಮೆತ್ತೆಯ ಸೋಫಾ ಇಡಿ, ಪುಸ್ತಕ ತುಂಬಿದ ಕಪಾಟು ನಿಲ್ಲಿಸಿ, ನಾಲ್ಕು ಜನ ಬಂದು ಕುಳಿತುಕೊಳ್ಳಲಿ. ಹೀರಿಕೆ 12ರ ಹತ್ತಿರಕ್ಕೆ ಏರುತ್ತದೆ, ಅನುರಣನ ಕಾಲ 0.65 ಸೆಕೆಂಡಿಗೆ ಇಳಿಯುತ್ತದೆ. ಅರ್ಧ ಸೆಕೆಂಡಿನ ಆಸುಪಾಸಿಗೆ ತಂದರೆ ಮನೆಗೆ ಸಾಕಷ್ಟಾಯಿತು. ನಾವು ಕೆಲಸ ಮಾಡುವ ಸ್ಟುಡಿಯೋಗಳಲ್ಲಿ ಗೋಡೆಗಳಿಗೆಲ್ಲ ರಂಧ್ರಗಳಿರುವ ಹಲಗೆ, ಅದರ ಹಿಂದೆ ಹತ್ತಿಯಂಥ ಪದರ ಹಾಕಿರುವುದು ಈ ಕಾರಣಕ್ಕೇ. ಸ್ಪೀಕರಿಗೆ ಇನ್ನೈದು ಸಾವಿರ ಸೇರಿಸುವ ಮೊದಲು ಪರದೆ ಬಟ್ಟೆಯ ಅಂಗಡಿಗೆ ಹೋಗಿಬರುವುದು ಜಾಣತನ.

ಕೋಣೆಗೆ ಇನ್ನೊಂದು ಗುಣವಿದೆ. ಎದುರುಬದುರಾದ ಎರಡು ಗೋಡೆಗಳ ನಡುವೆ ಸ್ಥಾಯೀ ತರಂಗ ಏರ್ಪಡುತ್ತದೆ. ಅದರ ಕನಿಷ್ಠ ಆವೃತ್ತಿ ಶಬ್ದದ ವೇಗವನ್ನು ಗೋಡೆಗಳ ಅಂತರದ ಎರಡರಷ್ಟರಿಂದ ಭಾಗಿಸಿದಷ್ಟು. ನಮ್ಮ ಕೋಣೆಗೆ ಉದ್ದದಲ್ಲಿ 38, ಅಗಲದಲ್ಲಿ 48, ಎತ್ತರದಲ್ಲಿ 57 ಹರ್ಟ್ಸ್. ಈ ಆವೃತ್ತಿಗಳಲ್ಲಿ ಕೋಣೆ ಅನುನಾದಗೊಂಡು ಕೆಲವೆಡೆ ಗುಂಯ್‌ಗುಡುತ್ತದೆ, ಕೆಲವೆಡೆ ಮೌನವಾಗುತ್ತದೆ. ಗೋಡೆಯ ಬಳಿ ಮಂದ್ರ ಸದ್ದು ಉಬ್ಬುತ್ತದೆ. ಸೋಫಾವನ್ನು ಹಿಂದಿನ ಗೋಡೆಗೆ ಒರಗಿಸಬಾರದೆನ್ನುವುದು ಇದಕ್ಕೇ. ಉದ್ದ, ಅಗಲ, ಎತ್ತರ ಮೂರೂ ಸಮನಾದ ಕೋಣೆಯಲ್ಲಿ ಮೂರು ಅನುನಾದಗಳೂ ಒಂದೇ ಕಡೆ ಬಿದ್ದು ತೊಂದರೆ ಮೂರರಷ್ಟಾಗುತ್ತದೆ.

ಆರಿಸುವಾಗ ಏನು ನೋಡಬೇಕು?

ವ್ಯಾಟ್: ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಸಾವಿರಾರು ವ್ಯಾಟ್ "ಪಿ.ಎಂ.ಪಿ.ಓ." ಎಂದು ಮುದ್ರಿಸುವ ಚಾಳಿ ನಮ್ಮ ಮಾರುಕಟ್ಟೆಗೆ ಹಳೆಯದು. ಇದಕ್ಕೆ ಒಪ್ಪಿತವಾದ ಅಳತೆಯ ವಿಧಾನವೇ ಇಲ್ಲ. ನೀವು ಹುಡುಕಬೇಕಾದದ್ದು "ಆರ್.ಎಂ.ಎಸ್." ಎಂಬ ಸಂಖ್ಯೆ, ಸ್ಪೀಕರು ನಿರಂತರವಾಗಿ ತಾಳಿಕೊಳ್ಳುವ ಶಕ್ತಿಯನ್ನು ಅದು ಸೂಚಿಸುತ್ತದೆ.

ಸಂವೇದನೆ: 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂಬುದು ಇದು. 87 ಡೆಸಿಬೆಲ್ ಇದೆಯೆನ್ನಿ. ವ್ಯಾಟ್ ಎರಡರಷ್ಟಾದರೆ 3 ಡೆಸಿಬೆಲ್, ಹತ್ತರಷ್ಟಾದರೆ 10 ಡೆಸಿಬೆಲ್ ಏರುತ್ತದೆ. ಬಯಲಿನಲ್ಲಿ ದೂರ ಎರಡರಷ್ಟಾದರೆ 6 ಡೆಸಿಬೆಲ್ ಇಳಿಯುತ್ತದೆ. 1.8 ಮೀಟರ್ ದೂರದ ಕಿವಿಗೆ 1 ವ್ಯಾಟಿನಿಂದ 82, 10 ವ್ಯಾಟಿನಿಂದ 92 ಡೆಸಿಬೆಲ್ ಸಿಗುತ್ತದೆ. 92 ಎಂದರೆ ಮನೆಗೆ ಬಹಳವೇ ಜೋರು. ಸರೌಂಡ್ ಸ್ಪೀಕರಿಗೆ 50 ವ್ಯಾಟ್ ತಾಳಿಕೆಯಿದ್ದರೆ ಧಾರಾಳ. ಸಾವಿರ ವ್ಯಾಟ್ ಯಾರಿಗೆ ಬೇಕು?

ಓಮ್: ಸ್ಪೀಕರಿನ ಪ್ರತಿಬಾಧೆ 4, 6 ಅಥವಾ 8 ಓಮ್ ಇರುತ್ತದೆ. ಓಮ್ ಕಡಿಮೆಯಾದಷ್ಟೂ ಆಂಪ್ಲಿಫೈಯರಿನಿಂದ ಹೆಚ್ಚು ವಿದ್ಯುತ್ ಹರಿಯುತ್ತದೆ. ಆಂಪ್ಲಿಫೈಯರಿನ ಹಿಂಬದಿಯಲ್ಲಿ ನಮೂದಿಸಿದ ಕನಿಷ್ಠ ಓಮ್‌ಗಿಂತ ಕೆಳಗಿನದನ್ನು ಜೋಡಿಸಬೇಡಿ.

ಗಾತ್ರ: 80 ಹರ್ಟ್ಸ್‌ಗಿಂತ ಕೆಳಗಿನ ಸದ್ದನ್ನು ಸಬ್‌ವೂಫರಿಗೆ ವರ್ಗಾಯಿಸುವುದು ರೂಢಿ. ಹೀಗಾಗಿ ಸರೌಂಡ್ ಸ್ಪೀಕರು ಕಂಬದಷ್ಟು ಎತ್ತರ ಇರಬೇಕಿಲ್ಲ. ಪುಸ್ತಕದ ಕಪಾಟಿನಲ್ಲಿ ಹಿಡಿಸುವ ಗಾತ್ರ ಸಾಕು. ಆದರೆ ಅಂಗೈಯಗಲದ ತೀರ ಪುಟ್ಟ ಪೆಟ್ಟಿಗೆಗಳು 80 ಹರ್ಟ್ಸ್‌ವರೆಗೂ ಇಳಿಯಲಾರವು. ಅಂಥವಕ್ಕೆ 120 ಅಥವಾ 150ರಲ್ಲಿ ಗಡಿ ಹಾಕಬೇಕಾಗುತ್ತದೆ. ಆಗ ಸಬ್‌ವೂಫರು ಎಲ್ಲಿದೆಯೆಂದು ಕಿವಿಗೆ ಗೊತ್ತಾಗಿಬಿಡುತ್ತದೆ.

ಕಂಠ: ಎದುರಿನ ಮೂರೂ ಒಂದೇ ತಯಾರಿಕೆಯ ಒಂದೇ ಶ್ರೇಣಿಯವಾಗಿದ್ದರೆ ಉತ್ತಮ, ಸರೌಂಡ್ ಕೂಡ ಅದೇ ಮನೆತನದ್ದಾಗಿರಲಿ. ಇಲ್ಲದಿದ್ದರೆ ಹಾರುವ ಹೆಲಿಕಾಪ್ಟರು ತಲೆ ದಾಟುವಾಗ ಕಂಠ ಬದಲಿಸಿದಂತೆ ಕೇಳುತ್ತದೆ.

ಬಗೆ: ಸಾಧಾರಣ ಸ್ಪೀಕರು ಮುಂದಕ್ಕೆ ಮಾತ್ರ ಸದ್ದು ಬೀರುತ್ತದೆ. ಬೈಪೋಲ್, ಡೈಪೋಲ್ ಎಂಬ ಬಗೆಗಳು ಎರಡು ದಿಕ್ಕಿಗೆ ಬೀರಿ, ಗೋಡೆಯಿಂದ ಪ್ರತಿಫಲಿಸಿ ಸದ್ದನ್ನು ಹರಡುತ್ತವೆ. ಆಸನಕ್ಕೆ ತೀರ ಹತ್ತಿರ ಸ್ಪೀಕರು ತೂಗುಹಾಕಲೇಬೇಕಾದ ಕಿರಿದಾದ ಕೋಣೆಗೆ ಇವು ಅನುಕೂಲ. ಉಳಿದೆಡೆ ಸಾಧಾರಣ ಬಗೆಯೇ ಸರಿ. ಗೋಡೆಗೆ ಒತ್ತಿ ತೂಗುಹಾಕುವುದಾದರೆ ಹಿಂಬದಿಯಲ್ಲಿ ಗಾಳಿಯ ರಂಧ್ರವಿಲ್ಲದ ಪೆಟ್ಟಿಗೆ ಆರಿಸಿ.

ತಂತಿ: ರೋಧ ಎಂದರೆ ತಾಮ್ರದ ನಿರ್ದಿಷ್ಟ ರೋಧವನ್ನು ಉದ್ದದಿಂದ ಗುಣಿಸಿ ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸಿದ್ದು, ಇದು ನಿಮ್ಮ ಪುಸ್ತಕದ ಪಾಠ. ಬಾಗಿಲ ಚೌಕಟ್ಟು ಸುತ್ತಿ ಸರೌಂಡ್‌ಗೆ ಹೋಗುವ ತಂತಿ 10 ಮೀಟರ್ ಎನ್ನಿ. ಹೋಗಿಬರುವುದು 20 ಮೀಟರ್. 1.5 ಚದರ ಮಿಲಿಮೀಟರ್ ತಾಮ್ರದ ತಂತಿಯ ರೋಧ ಸುಮಾರು 0.23 ಓಮ್; 8 ಓಮ್ ಸ್ಪೀಕರಿನ ಮುಂದೆ ಶೇಕಡ 3ರಷ್ಟು ಮಾತ್ರ. ಪೆಟ್ಟಿಗೆಯೊಡನೆ ಬರುವ ದಾರದಂಥ ತಂತಿ 0.5 ಚದರ ಮಿಲಿಮೀಟರ್ ಆಗಿದ್ದರೆ 0.68 ಓಮ್, ಅಂದರೆ ಶೇಕಡ 8ಕ್ಕೂ ಮೇಲೆ. ದಪ್ಪ ತಂತಿ ಸಾಕು. ಚಿನ್ನದ ಲೇಪದ ದುಬಾರಿ ತಂತಿ ಬೇಡ. ತಂತಿಯಿಲ್ಲದ ಸ್ಪೀಕರೆಂದು ಮಾರುವುದಕ್ಕೂ ಸಾಮಾನ್ಯವಾಗಿ ವಿದ್ಯುತ್ ಪ್ಲಗ್ ಬೇಕಾಗುತ್ತದೆ. ಅದು ಆ ಜಾಗದಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಇಡುವ ಜಾಗ

ಈಗ ಹಾಳೆಯ ಮೇಲೆ ಕೋಣೆಯ ನಕ್ಷೆ ಬರೆಯಿರಿ. ಟೀವಿ 3.6 ಮೀಟರ್ ಅಗಲದ ಗೋಡೆಯಲ್ಲಿರಲಿ. ಆಸನ ಆ ಗೋಡೆಯಿಂದ 3 ಮೀಟರ್ ದೂರ. ಹಿಂದೆ ಒಂದೂವರೆ ಮೀಟರ್ ಖಾಲಿ ಉಳಿಯಿತು.

ಆಸನದಿಂದ ಟೀವಿಯ ನಡುಮಧ್ಯಕ್ಕೆ ಒಂದು ರೇಖೆ ಎಳೆಯಿರಿ. ಇದು 0 ಡಿಗ್ರಿ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 1992ರಲ್ಲಿ ಮೊದಲಿಗೆ ಹೊರತಂದ ಶಿಫಾರಸಿನಂತೆ ಎದುರಿನ ಎಡಬಲ ಸ್ಪೀಕರುಗಳು ಈ ರೇಖೆಗೆ 30 ಡಿಗ್ರಿಯಲ್ಲಿಯೂ ಸರೌಂಡ್ ಸ್ಪೀಕರುಗಳು 100ರಿಂದ 120 ಡಿಗ್ರಿಯಲ್ಲಿಯೂ ಇರಬೇಕು. 90 ಡಿಗ್ರಿ ಎಂದರೆ ನಿಮ್ಮ ಕಿವಿಯ ನೇರಕ್ಕೆ. 110 ಎಂದರೆ ಅದಕ್ಕಿಂತ 20 ಡಿಗ್ರಿ ಹಿಂದಕ್ಕೆ.

ಎದುರಿನ ಜೋಡಿಯನ್ನು ಗೋಡೆಯಿಂದ ಅರ್ಧ ಮೀಟರ್ ಮುಂದಕ್ಕೆ, ಒಂದರಿಂದೊಂದು 2.4 ಮೀಟರ್ ದೂರ ಇಡೋಣ. ಕೋನ 26 ಡಿಗ್ರಿ ಬರುತ್ತದೆ. 30 ಆಗದಿದ್ದರೂ ಬದಿಯ ಗೋಡೆಗಳಿಂದ 60 ಸೆಂಟಿಮೀಟರ್ ಅಂತರ ಸಿಕ್ಕಿತು, ಒಳ್ಳೆಯ ಒಪ್ಪಂದ. ನಡುವಿನ ಸ್ಪೀಕರು ಟೀವಿಯ ಕೆಳಗೆ, ಕಪಾಟಿನ ಹಲಗೆಯ ಅಂಚಿಗೆ ಬರುವಂತೆ, ಮೂತಿ ತುಸು ಮೇಲಕ್ಕೆತ್ತಿ ಕಿವಿಯತ್ತ ನೋಡುವಂತೆ ಇರಲಿ.

ಸರೌಂಡ್ ಜೋಡಿಯನ್ನು ಬದಿಯ ಗೋಡೆಗಳಲ್ಲಿ ತೂಗುಹಾಕೋಣ. ಆಸನದ ಮಧ್ಯದಿಂದ ಸ್ಪೀಕರಿನ ಮುಖಕ್ಕೆ ಅಡ್ಡ ದೂರ 1.7 ಮೀಟರ್. ಎಷ್ಟು ಹಿಂದಕ್ಕೆ ಸರಿಸಿದರೆ 110 ಡಿಗ್ರಿ? 1.7ನ್ನು 20 ಡಿಗ್ರಿಯ ಟ್ಯಾಂಜೆಂಟ್ ಆದ 0.364ರಿಂದ ಗುಣಿಸಿ: 0.62 ಮೀಟರ್, ಸರಿಸುಮಾರು 2 ಅಡಿ. ತ್ರಿಕೋನಮಿತಿ ಯಾವ ಕೆಲಸಕ್ಕೆ ಬರುತ್ತದೆಂದು ಕೇಳುವವರಿಗೆ ಇದೊಂದು ಉತ್ತರ.

ಎತ್ತರ? ಸೋಫಾದಲ್ಲಿ ಕುಳಿತವರ ಕಿವಿ ನೆಲದಿಂದ ಸುಮಾರು 1 ಮೀಟರ್ ಮೇಲಿರುತ್ತದೆ. ಸರೌಂಡ್ ಅದಕ್ಕಿಂತ ಒಂದೆರಡು ಅಡಿ ಮೇಲಿದ್ದರೆ ಪಕ್ಕದಲ್ಲಿ ಕುಳಿತವರ ತಲೆ ಅಡ್ಡಬರುವುದಿಲ್ಲ, ಹತ್ತಿರ ಕುಳಿತವರಿಗೂ ರಾಚುವುದಿಲ್ಲ. ಸೂರಿನಲ್ಲಿಯೂ ಸ್ಪೀಕರು ಅಳವಡಿಸುವ ಅಟ್ಮಾಸ್ ವ್ಯವಸ್ಥೆಯಾದರೆ ಮಾತ್ರ ಸರೌಂಡನ್ನು ಕಿವಿಯ ಮಟ್ಟದ ಹತ್ತಿರಕ್ಕೇ ಇಳಿಸಿ. ಇಲ್ಲವಾದರೆ ಮೇಲಿನದಕ್ಕೂ ಬದಿಯದಕ್ಕೂ ವ್ಯತ್ಯಾಸವೇ ತಿಳಿಯದು.

ಗೋಡೆಗೆ ರಂಧ್ರ ಕೊರೆಯುವ ಮುನ್ನ ಒಳಗೆ ವಿದ್ಯುತ್ ತಂತಿ ಹೋಗಿದೆಯೇ ಎಂದು ಹಿರಿಯರನ್ನೋ ಎಲೆಕ್ಟ್ರಿಷಿಯನ್‌ನನ್ನೋ ಕೇಳಿ. ತಂತಿ ಜೋಡಿಸುವಾಗ ಆಂಪ್ಲಿಫೈಯರ್ ಆರಿಸಿರಲಿ. ಮಗುವಿನ ತೊಟ್ಟಿಲ ಮೇಲೆ ಸ್ಪೀಕರು ತೂಗುಹಾಕಬೇಡಿ.

ನಮ್ಮ ಮನೆಗಳ ಕಷ್ಟಗಳು

ಪುಸ್ತಕದ ನಕ್ಷೆಯಂತೆ ಕಟ್ಟಿದ ಮನೆ ಎಲ್ಲಿದೆ? ಮೂರು ಕಷ್ಟಗಳು ಸಾಮಾನ್ಯ.

ಒಂದು, ಸೋಫಾ ಹಿಂದಿನ ಗೋಡೆಗೆ ಒರಗಿದೆ. ಒಂದಡಿಯಾದರೂ ಮುಂದೆ ಎಳೆಯಲು ಸಾಧ್ಯವೇ ನೋಡಿ. ಆಗದಿದ್ದರೆ ಸರೌಂಡನ್ನು ಹಿಂದಿನ ಗೋಡೆಯಲ್ಲಿ ತಲೆಯ ಮೇಲೆ ಮೊಳೆ ಹೊಡೆದು ಕೂರಿಸಬೇಡಿ. ಬದಿಯ ಗೋಡೆಗಳಲ್ಲಿ, ಕಿವಿಯ ನೇರಕ್ಕೆ, ಎರಡಡಿ ಮೇಲೆ ಇರಲಿ.

ಎರಡು, ಒಂದು ಬದಿಗೆ ಗೋಡೆಯೇ ಇಲ್ಲ. ಅದು ಊಟದ ಮೇಜಿನ ಕಡೆಗೆ ತೆರೆದಿದೆ. ಆ ಕಡೆ ಸ್ಟ್ಯಾಂಡ್ ಬಳಸಿ. ಇನ್ನೊಂದನ್ನೂ ಅದೇ ಎತ್ತರಕ್ಕೆ, ಅದೇ ಕೋನಕ್ಕೆ ತನ್ನಿ. ಸ್ಪೀಕರಿನ ಅಂದಕ್ಕಿಂತ ಎರಡರ ಸಮತೋಲ ಮುಖ್ಯ.

ಮೂರು, ಮಕ್ಕಳು ಚಾಪೆಯ ಮೇಲೆ, ಹಿರಿಯರು ಸೋಫಾದ ಮೇಲೆ. ಎಲ್ಲರಿಗೂ ಪರಿಪೂರ್ಣ ಜಾಗ ಒಂದೇ ಕೋಣೆಯಲ್ಲಿ ಇರಲಾರದು. ನಡುವಿನ ಆಸನವನ್ನು ಕಿವಿ ಮಂದವಾದವರಿಗೆ ಬಿಟ್ಟುಕೊಡಿ. ಮಾತು ತಿಳಿಯುವುದು ಅವರಿಗೆ ಅವಶ್ಯಕತೆ, ಹೆಲಿಕಾಪ್ಟರು ನಿಮಗೆ ಬರೀ ಮೋಜು.

ಇವಾವುದೂ ಸಾಧ್ಯವಾಗದ ಹತ್ತಡಿಯ ಕೋಣೆಯಾದರೆ ಎರಡು ಒಳ್ಳೆಯ ಸ್ಪೀಕರು, ಇಲ್ಲವೇ ಟೀವಿಯ ಕೆಳಗಿಡುವ ಸೌಂಡ್‌ಬಾರ್ ಸಾಕು. ತಪ್ಪು ಜಾಗದ ಐದಕ್ಕಿಂತ ಸರಿಯಾದ ಜಾಗದ ಎರಡು ಮೇಲು.

ಕಾಲ ಮತ್ತು ಮಟ್ಟ

ನಮ್ಮ ನಕ್ಷೆಯಲ್ಲಿ ಎದುರಿನ ಸ್ಪೀಕರು ಕಿವಿಯಿಂದ 2.77 ಮೀಟರ್, ಸರೌಂಡ್ 1.8 ಮೀಟರ್ ದೂರದಲ್ಲಿವೆ. ಅಂತರ 97 ಸೆಂಟಿಮೀಟರ್. ಹಾಗಾಗಿ ಸರೌಂಡ್‌ನ ಸದ್ದು 2.8 ಮಿಲಿಸೆಕೆಂಡು ಮೊದಲೇ ಬಂದು, ಸುಮಾರು ಮೂರೂವರೆ ಡೆಸಿಬೆಲ್ ಜೋರಾಗಿಯೂ ಕೇಳುತ್ತದೆ. ಮೊದಲು ಬಂದವನಿಗೆ ಮಣೆ ಎಂಬುದು ನೆನಪಿದೆಯಲ್ಲ? ರಿಸೀವರಿನ ಸೆಟ್ಟಿಂಗ್‌ನಲ್ಲಿ ಪ್ರತಿಯೊಂದು ಸ್ಪೀಕರಿನ ದೂರವನ್ನು ಟೇಪಿನಿಂದ ಅಳೆದು ತುಂಬಿದರೆ, ಅದು ಹತ್ತಿರದ ಸ್ಪೀಕರನ್ನು ಅಷ್ಟು ಹೊತ್ತು ತಡೆದು ನುಡಿಸುತ್ತದೆ. ಮಟ್ಟಕ್ಕೆ ರಿಸೀವರಿನಲ್ಲಿಯೇ "ಶ್ಶ್" ಎನ್ನುವ ಪರೀಕ್ಷಾ ಸದ್ದು ಇರುತ್ತದೆ. ಆಸನದಲ್ಲಿ ಫೋನ್ ಹಿಡಿದು ಡೆಸಿಬೆಲ್ ಆ್ಯಪ್‌ನಲ್ಲಿ ಐದೂ ಸಮ ಬರುವಂತೆ ಹೊಂದಿಸಿ. ಫೋನಿನ ಅಂಕಿ ನಿಖರವಲ್ಲದಿದ್ದರೂ ಒಂದನ್ನೊಂದಕ್ಕೆ ಹೋಲಿಸಲು ಸಾಕು. ಅಜ್ಜಿಗಾಗಿ ನಡುವಿನದನ್ನು ಮಾತ್ರ 2 ಅಥವಾ 3 ಡೆಸಿಬೆಲ್ ಏರಿಸಿ.

ಪಕ್ಕದ ಮನೆ ಮತ್ತು ನಿಮ್ಮ ಕಿವಿ

80 ಹರ್ಟ್ಸ್ ಸದ್ದಿನ ತರಂಗಾಂತರ 4.3 ಮೀಟರ್. ಇಂಥ ಉದ್ದನೆಯ ತರಂಗಕ್ಕೆ ಪರದೆ, ಜಮಖಾನೆಗಳು ಲೆಕ್ಕಕ್ಕೇ ಇಲ್ಲ. ಗೋಡೆಯನ್ನೂ ದಾಟಿ ಪಕ್ಕದವರ ಮಂಚ ಅಲುಗಿಸುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಸಬ್‌ವೂಫರಿನ ಕೆಳಗೆ ದಪ್ಪ ರಬ್ಬರಿನ ಮೆತ್ತೆ ಇಡಿ, ರಾತ್ರಿ ಅದನ್ನು ಆರಿಸಿಬಿಡಿ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ನಿಗದಿಪಡಿಸಿದ ಮಿತಿ ಹಗಲು 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್. ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ನಿಮ್ಮಂಥವರೇ ಇರಬಹುದು.

ನಿಮ್ಮ ಕಿವಿಯೂ ಬೆಲೆಯುಳ್ಳದ್ದೇ. 85 ಡೆಸಿಬೆಲ್ ಸದ್ದಿಗೆ ದಿನಕ್ಕೆ 8 ಗಂಟೆ ಮಿತಿ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿಕೆಗೆ ಅವಧಿ ಅರ್ಧವಾಗಬೇಕೆಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ಸಲಹೆ ಕೊಡುತ್ತದೆ. 94 ಡೆಸಿಬೆಲ್‌ಗೆ ಒಂದೇ ಗಂಟೆ. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅವಕ್ಕೆ ಯಾವ ಅಂಗಡಿಯಲ್ಲೂ ಬದಲಿ ಸಿಗದು.

ಮಾಡಿ ನೋಡಿ

1. ಕನ್ನಡಿಯ ಪರೀಕ್ಷೆ: ನೀವು ಆಸನದಲ್ಲಿ ಕುಳಿತು, ಗೆಳೆಯನಿಗೆ ಬದಿಯ ಗೋಡೆಗೆ ಕನ್ನಡಿ ಒತ್ತಿ ಸರಿಸುತ್ತ ಹೋಗಲು ಹೇಳಿ. ಎದುರಿನ ಸ್ಪೀಕರು ಕನ್ನಡಿಯಲ್ಲಿ ಕಂಡ ಜಾಗದಲ್ಲೇ ಸದ್ದಿನ ಮೊದಲ ಪ್ರತಿಫಲನವಾಗುತ್ತದೆ. ಪತನ ಕೋನ, ಪ್ರತಿಫಲನ ಕೋನ ಸಮ ಎಂಬ ನಿಯಮ ಬೆಳಕಿಗೂ ಸದ್ದಿಗೂ ಒಂದೇ. ಅಲ್ಲಿ ಪರದೆ ಅಥವಾ ಪುಸ್ತಕದ ಕಪಾಟು ಇಡಿ.

2. ತೆವಳುವ ಪರೀಕ್ಷೆ: ಸಬ್‌ವೂಫರನ್ನು ಆಸನದ ಜಾಗದಲ್ಲಿಟ್ಟು, ಮಂದ್ರವಾದ ವಾದ್ಯ ನುಡಿಸಿ. ನೀವು ಮಗುವಿನಂತೆ ನೆಲದ ಮೇಲೆ ತೆವಳುತ್ತ ಗೋಡೆಯ ಉದ್ದಕ್ಕೂ ಕೇಳಿ. ಎಲ್ಲಿ ಸದ್ದು ಗುಂಯ್‌ಗುಡದೆ ಸಮನಾಗಿ ಕೇಳುವುದೋ ಅದೇ ಸಬ್‌ವೂಫರಿನ ಜಾಗ. ಮನೆಯವರು ನಕ್ಕರೆ ನಗಲಿ.

3. ಧ್ರುವದ ಪರೀಕ್ಷೆ: ಆಂಪ್ಲಿಫೈಯರಿನಿಂದ ಬಿಡಿಸಿದ ಸ್ಪೀಕರಿನ ತಂತಿಗಳಿಗೆ 1.5 ವೋಲ್ಟಿನ ಶುಷ್ಕಕೋಶವನ್ನು ಕ್ಷಣಕಾಲ ಮುಟ್ಟಿಸಿ. ಧನಕ್ಕೆ ಧನ ಮುಟ್ಟಿದರೆ ದೊಡ್ಡ ಶಂಕು ಹೊರಕ್ಕೆ ಚಿಮ್ಮುತ್ತದೆ. ಒಂದು ಹೊರಕ್ಕೂ ಇನ್ನೊಂದು ಒಳಕ್ಕೂ ಚಲಿಸಿದರೆ ಒಂದರ ತಂತಿ ಅದಲುಬದಲಾಗಿದೆ. ಆಗ ಎರಡರ ಮಂದ್ರ ತರಂಗಗಳು ಪರಸ್ಪರ ಕಳೆದುಕೊಂಡು ಸದ್ದು ಸೊರಗುತ್ತದೆ.

ಈ ಮೂರನ್ನೂ ಮಾಡಿ, ಕೋಣೆಯ ನಕ್ಷೆಯಲ್ಲಿ ಅಳತೆ ಮತ್ತು ಕೋನಗಳನ್ನು ಗುರುತಿಸಿ. ಮನೆಯಲ್ಲಿ ಹೋಮ್ ಥಿಯೇಟರಿನ ಮಾತು ಬಂದಾಗ ಆ ಹಾಳೆಯನ್ನು ದೊಡ್ಡವರ ಮುಂದಿಡಿ, ಅಂಗಡಿಗೆ ಹೋಗುವಾಗ ಅದು ಜೇಬಿನಲ್ಲಿರಲಿ. ಮಾರುವವರು ವ್ಯಾಟಿನ ಲೆಕ್ಕ ಹೇಳುವಾಗ ನೀವು ಡಿಗ್ರಿಯ ಲೆಕ್ಕ ಕೇಳಿ. ಈಗಾಗಲೇ ಮನೆಯಲ್ಲಿ ಮೂಲೆ ಸೇರಿದ ಪೆಟ್ಟಿಗೆ ಇದ್ದರಂತೂ ಹೊಸದಾಗಿ ಏನನ್ನೂ ಕೊಳ್ಳಬೇಕಾಗಿಲ್ಲ. ಬರುವ ಭಾನುವಾರ ಅದರ ಧೂಳು ಒರೆಸಿ, ಟೇಪು ಹಿಡಿದು ಕೆಲಸ ಶುರುಮಾಡಿ. ಸಂಜೆಯ ಚಿತ್ರದಲ್ಲಿ ಅಜ್ಜಿ "ಏನಂದಳು?" ಎಂದು ಕೇಳದಿದ್ದರೆ ನಿಮ್ಮ ಪ್ರಯೋಗ ಯಶಸ್ವಿ.